ಲೋಟದಕ್ಕ ಮತ್ತು ಗುಲಾಬಿ ಹೊಂಡ

ನಮ್ಮ ಊರಿನಲ್ಲಿ ದಿನಾ ಬೆಳಿಗ್ಗೆ ಏಳು ಗಂಟೆಗೆ, ಡ್ಯೂಟಿಯ ಮೇಲಿರುವಾಗಲೇ, ಹತ್ತು ಜನರೆದುರು ರಾಜಾರೋಷವಾಗಿ ಕುಡಿಯುವ ಸರ್ಕಾರಿ ಉದ್ಯೋಗಿ ಒಬ್ಬಳೇ. ಕುಡಿದದ್ದಕ್ಕೆ ಅವಳ ಮೇಲೆ ಇವತ್ತಿನವರೆಗೆ ಯಾರೂ ದೂರು ಬರೆದಿಲ್ಲ. ಕುಡಿಯದಿದ್ದರೆ ಬರೆಯುತ್ತಾರೆ.

ಅವಳು ನೀರು ಶುದ್ಧೀಕರಣ ಘಟಕದ ಕೆಮಿಸ್ಟ್. ಕುಡಿಯುವುದು ನೀರು. ಹೊಳೆಯಿಂದ ಎತ್ತಿ, ತಿಳಿ ಮಾಡಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ಊರಿಗೆ ಬಿಡುವ ನೀರಿನ ಮೊದಲ ಲೋಟ ಅವಳದು. ಘಟಕದ ಗೇಟಿನ ಪಕ್ಕ ಒಂದು ಕಪ್ಪು ಹಲಗೆ ಇದೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಹೊಳೆ ಇವತ್ತು ಎಷ್ಟು ರಾಡಿ, ಹಾಕಿದ ಆಲಂ, ಅಂದರೆ ಪಟಿಕ, ಎಷ್ಟು, ಉಳಿದ ಕ್ಲೋರಿನ್ ಎಷ್ಟು ಎಂದು ಬರೆದು, ಕೈ ಕೊಡವಿ, ಪಕ್ಕದ ನಲ್ಲಿಯಿಂದ ಸ್ಟೀಲ್ ಲೋಟಕ್ಕೆ ನೀರು ಹಿಡಿದು ಗಟಗಟ ಕುಡಿದು ಒಳಗೆ ಹೋಗುತ್ತಾಳೆ. ಪೇಪರ್ ಹಾಕುವವನು, ವಾಕಿಂಗ್ ಹೊರಟವರು, ಬಸ್ಸಿಗೆ ಓಡುತ್ತಿರುವ ನರ್ಸು, ಎಲ್ಲರೂ ಒಂದು ಕ್ಷಣ ನಿಂತು ನೋಡುತ್ತಾರೆ. ಹಲಗೆ ಓದುವವರು ಕಡಿಮೆ. ಲೋಟ ಖಾಲಿಯಾಯಿತೇ ಎಂದು ನೋಡುವವರೇ ಎಲ್ಲ. ಹೀಗೆ ಅವಳು ಊರಿಗೆಲ್ಲ ಲೋಟದಕ್ಕ.

ಇದು ಶುರುವಾದದ್ದು ಹತ್ತೊಂಬತ್ತು ವರ್ಷದ ಹಿಂದೆ. ಅವಳು ಕೆಲಸಕ್ಕೆ ಹೊಸಬಳು. ಮಾರ್ಕೆಟ್ ಬೀದಿಯ ಹಳೇ ಪೈಪು ತುಕ್ಕು ಹಿಡಿದು ನಲ್ಲಿಗಳಲ್ಲಿ ಕೆಂಪು ನೀರು ಬಂತು. ಬಾಟಲಿಗಳಲ್ಲಿ ಅದನ್ನು ತುಂಬಿಕೊಂಡು ನೂರಿನ್ನೂರು ಜನ ಗೇಟಿಗೆ ಬಂದರು. ಎಂಜಿನಿಯರು ಆ ಕ್ಷಣಕ್ಕೇ ತಲೆನೋವು ಬಂದು ರಜೆ ಹಾಕಿ ಹೋದ. ಇವಳು ವಾಲ್ವ್ ತಿರುಗಿಸುವವನ ಟೀ ಲೋಟ ಕಸಿದುಕೊಂಡು, ತೊಳೆದು, ಘಟಕದ ನಲ್ಲಿಯಿಂದ ತುಂಬಿ ಎಲ್ಲರೆದುರು ಕುಡಿದಳು.

"ಇಲ್ಲಿಂದ ಹೊರಡೋ ನೀರು ಇದು. ನಿಮ್ಮನೆಗೆ ಬರೋ ಹೊತ್ತಿಗೆ ಕೆಂಪಾದ್ರೆ ತಪ್ಪು ಪೈಪಿಂದು. ಪೈಪನ್ನ ಬೈಯೋಣ ಬನ್ನಿ, ನಾನೂ ಬರ್ತೀನಿ" ಅಂದಳು.

ಜನ ಅವಳ ಹಿಂದೆಯೇ ಹೋಗಿ ಪೈಪನ್ನು ಬೈದು ಬಂದರು. ಮರುದಿನ ಏಳು ಗಂಟೆಗೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಗೇಟಿನ ಹತ್ತಿರ ನಿಂತು, "ಇವತ್ತು ಕುಡಿದ್ಯೇನಮ್ಮಾ?" ಎಂದು ಕೇಳಿದರು. ಕುಡಿದಳು. ಅದರ ಮರುದಿನ ಅವರು ಇಬ್ಬರು ಗೆಳೆಯರನ್ನು ಕರೆತಂದರು. ವಾರದಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ವರ್ಷಗಟ್ಟಲೆ ನಡೆಯಿತು. ಒಮ್ಮೆ ಅವಳು ಮೂರು ದಿನ ಜ್ವರ ಬಂದು ಮಲಗಿದಾಗ ಊರಿಗೆ ಊರೇ ನೀರು ಕಾಯಿಸಿ ಕುಡಿಯಿತು. ವಾಲ್ವ್ ತಿರುಗಿಸುವವನು, ಅಂದರೆ ನಮ್ಮ ವಾಲ್ವಣ್ಣ, ಅವಳ ಬದಲು ತಾನು ಕುಡಿದು ತೋರಿಸಿದ. "ನೀನು ಏನು ಕೊಟ್ರೂ ಕುಡೀತೀಯ, ಸುಮ್ನಿರು" ಎಂದು ಜನ ಮುಂದೆ ಹೋದರು.

ಹಲಗೆಗೆ ಸಂಬಂಧಿಸಿ ಅವಳದೇ ಒಂದು ಕಾನೂನಿದೆ. ತನ್ನ ಲ್ಯಾಬಿನಲ್ಲಿ ಪರೀಕ್ಷೆಯಾದ ನೀರು ಯಾರದೇ ಇರಲಿ, ಅದು ಹಲಗೆಗೆ ಬರಲೇಬೇಕು. ಆಫೀಸರ್‌ಗಳ ಕ್ಲಬ್ಬಿನ ಅಧ್ಯಕ್ಷರು ಒಮ್ಮೆ ಗುಟ್ಟಾಗಿ ಈಜುಕೊಳದ ನೀರು ಕಳಿಸಿದ್ದರು. ಮರುದಿನ ಹಲಗೆಯ ಮೇಲೆ ದುಂಡು ಅಕ್ಷರಗಳಲ್ಲಿ ಹೀಗಿತ್ತು: "ಕ್ಲಬ್ಬಿನ ಈಜುಕೊಳ: ಈಜಬಹುದು, ಬಾಯಿ ಮುಚ್ಚಿಕೊಂಡು." ಅಧ್ಯಕ್ಷರು ಆ ಸಲಹೆಯನ್ನು ಈಜುವಾಗ ಅಲ್ಲದೆ ಬೇರೆ ಹೊತ್ತಿನಲ್ಲೂ ಸ್ವಲ್ಪ ದಿನ ಪಾಲಿಸಿದರು.

ಘಟಕದಲ್ಲಿ ಅವಳಿಗೆ ಇದ್ದ ದುಃಖ ಒಂದೇ: ಗಾಜಿನ ಜಾಡಿಗಳಲ್ಲಿ ನೀರು ಕಲಕಿ ನೋಡುವ ಜಾರು ಪರೀಕ್ಷೆಯ ಯಂತ್ರ. ಹೊಳೆಯ ರಾಡಿ ದಿನಕ್ಕೊಂದು ತರಹ ಇರುವುದರಿಂದ ಎಷ್ಟು ಆಲಂ ಹಾಕಿದರೆ ಕೆಸರು ಹೆಪ್ಪುಗಟ್ಟಿ ತಳಕ್ಕೆ ಕೂರುತ್ತದೆ ಎಂದು ದಿನಾ ನೋಡಬೇಕು. ಆರು ಗಾಜಿನ ಜಾರುಗಳಲ್ಲಿ ಹೊಳೆ ನೀರು ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಆಲಂ ಹಾಕಿ, ಮೊದಲು ಜೋರಾಗಿ, ಆಮೇಲೆ ಹದಿನೈದು ನಿಮಿಷ ನಿಧಾನವಾಗಿ ಕಲಕಬೇಕು. ಕಲಕಲು ಆರು ರೆಕ್ಕೆಗಳ ಯಂತ್ರವಿದೆ. ಆರರಲ್ಲಿ ಮೂರು ರೆಕ್ಕೆ ಆರು ವರ್ಷದಿಂದ ರಜೆಯಲ್ಲಿವೆ. ಉಳಿದ ಮೂರು ಜಾರುಗಳನ್ನು ಗಾಜಿನ ಕಡ್ಡಿಯಲ್ಲಿ ಕೈಯಿಂದಲೇ ಕಲಕಬೇಕು. ಲೋಟದಕ್ಕ ಎರಡು, ವಾಲ್ವಣ್ಣ ಒಂದು. ಗಡಿಯಾರ ನೋಡುತ್ತಾ ಕಲಕಿದರೆ ಕೈ ತಪ್ಪುತ್ತದೆ. ಅದಕ್ಕೇ ಇಬ್ಬರೂ ಜಗಳ ಆಡುತ್ತಾರೆ. ಒಂದು ಒಳ್ಳೆಯ ಜಗಳ ಸರಿಯಾಗಿ ಹದಿನೈದು ನಿಮಿಷ ನಡೆಯುತ್ತದೆ ಎಂಬುದು ಅವರ ಅನುಭವ. ಬೇಗ ರಾಜಿಯಾದ ದಿನ ಆಲಂ ಲೆಕ್ಕ ತಪ್ಪಿದ್ದೂ ಉಂಟು.

ಮನೆಯಲ್ಲಿ ಅವಳು ಅಕ್ಕನ ಜೊತೆ ಇದ್ದಾಳೆ. ಅಕ್ಕ ಟೈಲರ್. ಕೆಳಗೆ ಅಂಗಡಿ, ಮೇಲೆ ಮೂರು ಕೋಣೆ. ಭಾವ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೇ ಮನೆ ನಡೆಸಿದೆ. ಅಕ್ಕನ ಮಗಳು ಪುಟ್ಟಿ. ಹೆಸರಿಗೆ ಪುಟ್ಟಿ, ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಬೀಜ ವಿಜ್ಞಾನ ಓದಿ, ಹತ್ತು ತಿಂಗಳಿಂದ ಹೊಳೆಯ ಮೇಲ್ದಂಡೆಯಲ್ಲಿರುವ ಬೀಜ ಕಂಪನಿಯಲ್ಲಿ ಗುಣಮಟ್ಟ ನೋಡುವ ಕೆಲಸ ಮಾಡುತ್ತಿದ್ದಾಳೆ. ಕೆಲಸ ಇನ್ನೂ ಕಾಯಂ ಆಗಿಲ್ಲ. ಅದು ಕಾಯಂ ಆಗುವುದೊಂದೇ ಅಕ್ಕನಿಗೆ ಈ ಪ್ರಪಂಚದಿಂದ ಬೇಕಾಗಿರುವುದು.

ಊಟದ ಮೇಜಿನಲ್ಲಿ ಕಂಪನಿಯ ವಿಚಾರ ಬಂದರೆ ಮನೆ ಲ್ಯಾಬ್ ಆಗುತ್ತಿತ್ತು. ಒಂದು ಸಂಜೆ ಪುಟ್ಟಿ ಹೇಳಿದಳು, "ನಮ್ಮ ಬೀಜ ಬಿತ್ತಿದ್ರೆ ಆ ಬೆಳೆಯ ಕಾಳನ್ನ ಮುಂದಿನ ವರ್ಷಕ್ಕೆ ಎತ್ತಿಟ್ಟು ಬಿತ್ತೋ ಹಾಗಿಲ್ಲಮ್ಮ. ರೈತರು ಹಾಗಂತ ಸಹಿ ಹಾಕಿರ್ತಾರೆ."

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಕೇಳಿದಳು, "ಹಾಗಾದ್ರೆ ನಾನು ಹೊಲಿದ ಅಂಗಿ ನೋಡ್ಕೊಂಡು ಇನ್ನೊಂದು ಅಂಗಿ ಹೊಲಿಯೋ ಹಾಗಿಲ್ಲ ಅಂತ ನಾನೂ ಗಿರಾಕಿಗಳ ಹತ್ರ ಬರೆಸ್ಕೊಳ್ಳಲಾ?"

"ಅಮ್ಮಾ, ಒಂದು ತಳಿ ಮಾಡೋಕೆ ಹನ್ನೆರಡು ವರ್ಷ ಬೇಕು ಗೊತ್ತಾ? ಹುಳ ಹತ್ತಲ್ಲ, ಔಷಧಿ ಹೊಡೆಯೋದು ಅರ್ಧಕ್ಕರ್ಧ ಕಡಿಮೆ ಆಗಿದೆ."

"ಅದು ನಿಜ ಕಣೇ," ಎಂದು ಲೋಟದಕ್ಕ ಒಪ್ಪಿಕೊಂಡಳು. "ಹೊಲದಲ್ಲಿ ಔಷಧಿ ಕಡಿಮೆ ಆದ್ರೆ ನನ್ನ ಹೊಳೆಗೆ ಬರೋದೂ ಕಡಿಮೆ. ನಿಮ್ಮ ಕಂಪನಿ ಮೇಲೆ ನನಗೇನೂ ಕೋಪ ಇಲ್ಲ. ಎಲ್ಲದಕ್ಕೂ ಸಹಿ ಯಾಕೆ ಕೇಳ್ತಾರೆ ಅನ್ನೋದಷ್ಟೇ ಅರ್ಥ ಆಗಲ್ಲ."

ಅರ್ಥ ಮಾಡಿಸಲು ಕಂಪನಿಯ ಮ್ಯಾನೇಜರ್ ಸ್ವತಃ ಘಟಕಕ್ಕೆ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. ಜೊತೆಗೆ ಪುಟ್ಟಿ, ಲ್ಯಾಬಿನ ಗೋಡೆಯನ್ನೇ ಮೊದಲ ಸಲ ನೋಡುವವಳ ಹಾಗೆ ನೋಡುತ್ತಾ ನಿಂತಿದ್ದಳು.

ವಿಷಯ ಇಷ್ಟು. ಕಂಪನಿಯ ಶೆಡ್ಡಿನಲ್ಲಿ ಬಿತ್ತನೆ ಬೀಜಕ್ಕೆ ದೊಡ್ಡ ಡ್ರಮ್ಮುಗಳಲ್ಲಿ ಔಷಧಿ ಲೇಪಿಸುತ್ತಾರೆ. ಇದು ತಿನ್ನುವ ಕಾಳಲ್ಲ ಎಂದು ಕಂಡ ಕೂಡಲೇ ಗೊತ್ತಾಗಲಿ ಎಂದು ಔಷಧಿಗೆ ಗುಲಾಬಿ ಬಣ್ಣ ಬೆರೆಸಿರುತ್ತಾರೆ. ಡ್ರಮ್ಮು ತೊಳೆದ ನೀರು ಪಕ್ಕದ ಹೊಂಡಕ್ಕೆ ಹೋಗುತ್ತದೆ. ಹೊಂಡ ತುಂಬುತ್ತಾ ಬಂದಿದೆ. ಮಳೆಗಾಲಕ್ಕೆ ಎರಡೇ ತಿಂಗಳಿದೆ. ಅದನ್ನು ಹೊಳೆಗೆ ಬಿಡಬೇಕೆಂದು ಕಂಪನಿಯ ಆಸೆ. ಆದರೆ ಹೊಳೆಯ ಹರಿವಿನಲ್ಲಿ ಹೊಂಡಕ್ಕಿಂತ ಕೆಳಗೆ ಊರಿನ ನೀರೆತ್ತುವ ಜಾಗ ಇರುವುದರಿಂದ, ಶುದ್ಧೀಕರಣ ಘಟಕದಿಂದ "ನಮ್ಮ ಅಭ್ಯಂತರ ಇಲ್ಲ" ಎಂಬ ಪತ್ರ ಬೇಕು.

"ಒಂದು ಸಣ್ಣ ಸಮಾರಂಭ ಇಟ್ಕೊಂಡಿದ್ದೀವಿ ಮೇಡಂ," ಎಂದ ಮ್ಯಾನೇಜರ್. "ನೀವು ವೇದಿಕೆ ಮೇಲೆ ಹೊಂಡದ ನೀರು ಒಂದು ಲೋಟ ಕುಡಿದುಬಿಟ್ರೆ ಊರಲ್ಲಿ ಯಾರೂ ಪ್ರಶ್ನೆನೇ ಕೇಳಲ್ಲ. ನಿಮಗೇನು, ನೀರು ಕುಡಿದಷ್ಟು ಸುಲಭ."

ಆಮೇಲೆ ಒಂದು ಬಣ್ಣದ ಪುಸ್ತಕ ತೆಗೆದು ಮೇಜಿನ ಮೇಲೆ ತೆರೆದಿಟ್ಟ. ಅದರಲ್ಲಿ ಜಾರು ಪರೀಕ್ಷೆಯ ಹೊಸ ಯಂತ್ರದ ಚಿತ್ರ. ಆರೂ ರೆಕ್ಕೆ ಫಳಫಳ. ಪ್ರತಿ ರೆಕ್ಕೆಗೂ ಬೇರೆ ಬೇರೆ ವೇಗ, ಒಳಗೆ ದೀಪ. "ಇದು ಕಂಪನಿ ಕಡೆಯಿಂದ ಘಟಕಕ್ಕೆ ಸಣ್ಣ ಕಾಣಿಕೆ."

ಬೇರೆಯವರಿಗೆ ಒಡವೆ ಅಂಗಡಿಯ ಮುಂದೆ ಆಗುವುದು ಲೋಟದಕ್ಕನಿಗೆ ಆ ಚಿತ್ರದ ಮುಂದೆ ಆಯಿತು. ಬಾಯಲ್ಲಿ ನೀರೂರಿತು. ಶುದ್ಧೀಕರಣ ಘಟಕದಲ್ಲಿ ನೀರೂರುವುದು ಸಹಜವೇ. ಆದರೂ ಅವಳು ನುಂಗಿಕೊಂಡು, ಸಹಿಗೆಂದು ಅವನು ತಂದಿದ್ದ ಕಾಗದಗಳನ್ನು ಓದಿದಳು. ನಾಲ್ಕನೇ ಪುಟದಲ್ಲಿ ಒಂದು ಸಾಲಿತ್ತು: ಪರೀಕ್ಷೆಯ ಫಲಿತಾಂಶ ಕಂಪನಿಯ ಸ್ವತ್ತು, ಕಂಪನಿಯ ಒಪ್ಪಿಗೆ ಇಲ್ಲದೆ ಯಾರಿಗೂ ತಿಳಿಸಕೂಡದು.

"ಇಲ್ಲಿ ಪರೀಕ್ಷೆ ಆಗಿದ್ದು ಗೇಟಿನ ಹಲಗೆಗೆ ಹೋಗತ್ತೆ ಸಾರ್."

"ಅದೇನು ದೊಡ್ಡ ವಿಷಯ ಬಿಡಿ ಮೇಡಂ."

"ದೊಡ್ಡದೇ ಸಾರ್. ನಾಲ್ಕಡಿ ಅಗಲ, ಮೂರಡಿ ಎತ್ತರ."

ಸಹಿ ಹಾಕದೆ ಕಾಗದವನ್ನು ಮಡಚಿ ವಾಪಸು ಕೊಟ್ಟು, "ಮೊದಲು ಸ್ಯಾಂಪಲ್ ಕಳಿಸಿ, ನೋಡೋಣ" ಅಂದಳು. ನಾಳೆಯೇ ಕಳಿಸುತ್ತೇನೆಂದು ಮ್ಯಾನೇಜರ್ ಹೊರಟ. ಬಣ್ಣದ ಪುಸ್ತಕವನ್ನು ಮರೆತವನಂತೆ ಅಲ್ಲೇ ಬಿಟ್ಟು ಹೋದ.

ಆ ಸಂಜೆ ಅಕ್ಕ ಹೊಲಿಗೆ ನಿಲ್ಲಿಸಿ ಮಾತಿಗೆ ಕೂತಳು. ಅಕ್ಕ ಹೊಲಿಗೆ ನಿಲ್ಲಿಸಿದಳೆಂದರೆ ವಿಷಯ ಗಂಭೀರ ಎಂದರ್ಥ.

"ಆ ಪತ್ರ ತಂದ್ರೆ ಪುಟ್ಟಿನ ಕಾಯಂ ಮಾಡ್ತೀವಿ ಅಂದಿದ್ದಾರಂತೆ. ತರದಿದ್ರೆ ಏನು ಅಂತ ಹೇಳಿಲ್ವಂತೆ. ಹೇಳದಿದ್ರೂ ಗೊತ್ತಾಗತ್ತೆ."

"ಅಮ್ಮಾ, ಸುಮ್ನಿರು," ಎಂದಳು ಪುಟ್ಟಿ.

"ನೀನು ಸುಮ್ನಿರೇ. ನೋಡು, ಹತ್ತೊಂಬತ್ತು ವರ್ಷ ಊರಿಗೆಲ್ಲ ಕುಡಿದೆ. ಮನೆ ಮಗುಗೋಸ್ಕರ ಒಂದು ಲೋಟ ಕುಡಿಯೋಕಾಗಲ್ವಾ ನಿನಗೆ?"

ಲೋಟದಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು. ಆಮೇಲೆ, "ಕುಡಿಯೋದು ಕಷ್ಟ ಅಲ್ಲ ಅಕ್ಕಾ. ಒಂದು ಲೋಟ ಕುಡಿದ್ರೆ ನಾನೇನೂ ಸಾಯಲ್ಲ. ಆದ್ರೆ ನಾನು ಕುಡಿದೆ ಅಂತ ಊರೆಲ್ಲ ಕುಡಿಯತ್ತಲ್ಲ, ದಿನಾ ಕುಡಿಯತ್ತಲ್ಲ. ಅಷ್ಟೂ ಜನಕ್ಕೆ ನಾನು ಹೇಗೆ ಮುಖ ತೋರಿಸ್ಲಿ?" ಎಂದಳು. "ನೀರು ಚೆನ್ನಾಗಿದ್ರೆ ಕುಡೀತೀನಿ. ವೇದಿಕೆ ಮೇಲೆ ಎರಡು ಲೋಟ ಕುಡೀತೀನಿ. ಇವಳ ಮದುವೆಗೆ ಅಂತ ಇಟ್ಟಿರೋ ಹೊಸ ಸೀರೆ ಉಟ್ಕೊಂಡು ಕುಡೀತೀನಿ. ಚೆನ್ನಾಗಿರ್ಲಿ ಅಂತ ಹಾರೈಸು."

ಅಕ್ಕ ಹಾರೈಸಿದಳು. ಪುಟ್ಟಿ ತಟ್ಟೆ ನೋಡಿದಳು.

ಮರುದಿನ ಹನ್ನೊಂದು ಗಂಟೆಗೆ ಕಂಪನಿಯ ಡ್ರೈವರ್ ಸೀಲ್ ಮಾಡಿದ ಬಿಳಿ ಕ್ಯಾನು ತಂದಿಟ್ಟ. ನೀರು ಕನ್ನಡಿಯಷ್ಟು ತಿಳಿ. ಆರು ಜಾರುಗಳಲ್ಲಿ ತುಂಬಿದರು, ಆಲಂ ಹಾಕಿದರು, ಕಡ್ಡಿ ಹಿಡಿದರು. ಅವತ್ತಿನ ಜಗಳದ ವಿಷಯ ಹೊಸ ಯಂತ್ರ ಬಂದರೆ ಜಗಳ ಯಾವಾಗ ಆಡುವುದು ಎಂಬುದಾಗಿತ್ತು. ಹದಿನೈದು ನಿಮಿಷ ಕಳೆದರೂ ಜಾರುಗಳಲ್ಲಿ ಹೆಪ್ಪುಗಟ್ಟುವಂಥದ್ದು ಏನೂ ಕಾಣಲಿಲ್ಲ.

"ಏನಕ್ಕಾ ಇದು, ಹೊಂಡದ ನೀರು ನಮ್ಮ ನೀರಿಗಿಂತ ಚೆನ್ನಾಗಿದೆ!" ಎಂದ ವಾಲ್ವಣ್ಣ.

ಲೋಟದಕ್ಕನ ಮುಖ ಅರಳಿತು. ಮನಸ್ಸು ಆಗಲೇ ಸೀರೆಯ ಮಡಿಕೆ ಬಿಡಿಸುತ್ತಿತ್ತು. ಆದರೂ ಕೈಗೆ ಅದರದೇ ಅಭ್ಯಾಸ. ಯಾವುದೇ ನೀರಿಗೂ ಕೊನೆಗೆ ಕ್ಲೋರಿನ್ ಇದೆಯೇ ಎಂದು ನೋಡಲು ಪರೀಕ್ಷೆಯ ದ್ರವದ ಸೀಸೆಯಿಂದ ಐದು ಹನಿ ಬೀಳಲೇಬೇಕು. ಹನಿ ಬಿದ್ದವು. ಕ್ಲೋರಿನ್ ಇದ್ದರೆ ನೀರು ಹಳದಿಯಾಗುತ್ತದೆ. ಇದು ಹಳದಿಯಾಯಿತು.

ಅವಳು ಬಣ್ಣದ ಪಟ್ಟಿಗೆ ಹಿಡಿದು ನೋಡಿದಳು. ಬೆಳಿಗ್ಗೆ ಹಲಗೆಯ ಮೇಲೆ ತಾನೇ ಬರೆದ ಅಂಕಿಗಿಂತ ಕೂದಲೆಳೆಯಷ್ಟು ಕಡಿಮೆ.

"ವಾಲ್ವಣ್ಣಾ, ಹೊಂಡಕ್ಕೆ ಯಾರಾದ್ರೂ ಕ್ಲೋರಿನ್ ಹಾಕ್ತಾರಾ?"

"ಯಾಕೆ ಹಾಕ್ತಾರೆ?"

"ಮತ್ತೆ ಇದು ಯಾವ ಹೊಂಡ?"

ಇಬ್ಬರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ವಾಲ್ವಣ್ಣ ಸ್ಟೂಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. "ಅಯ್ಯೋ, ನಮ್ಮ ಕೂಸನ್ನೇ ಟೋಪಿ ಹಾಕಿಸಿ ಕರ್ಕೊಂಡ್ಬಂದು, ನೋಡಿ ನಮ್ಮ ಮಗು ಎಷ್ಟು ಚೆನ್ನಾಗಿದೆ ಅಂತ ತೋರಿಸ್ತಿದ್ದಾರಲ್ಲಕ್ಕಾ!"

ಹೊರಗೆ ನೆರಳಲ್ಲಿ ನಿಂತಿದ್ದ ಡ್ರೈವರನ್ನು ಕರೆದರು. ಹೆಚ್ಚು ಕೇಳಬೇಕಾಗಲಿಲ್ಲ. ಹೊಂಡದ ದಡ ಜಾರುತ್ತಿತ್ತಂತೆ. ಕಾಲಲ್ಲಿ ಹೊಸ ಬೂಟು. ಅದಕ್ಕಿಂತ ಹೆಚ್ಚಾಗಿ, ಆ ನೀರಿನ ಬಣ್ಣ ನೋಡಿ ಇದನ್ನು ಯಾರಾದರೂ ಲ್ಯಾಬಿಗೆ ಕೊಡುತ್ತಾರಾ ಎಂದು ಅವನಿಗೇ ನಾಚಿಕೆಯಾಯಿತಂತೆ. ಊರಿಗೆ ಬಂದು ಕಂಪನಿಯ ಆಫೀಸಿನ ನಲ್ಲಿಯಲ್ಲಿ ಕ್ಯಾನು ತುಂಬಿಸಿ ಸೀಲ್ ಮಾಡಿದನಂತೆ.

"ಯಾರಾದ್ರೂ ಹೇಳಿಕೊಟ್ರಾ?"

"ಇಲ್ಲಮ್ಮ, ನನ್ನ ತಲೆನೇ. ಈ ಊರಲ್ಲಿ ಇದಕ್ಕಿಂತ ಒಳ್ಳೇ ನೀರು ಇನ್ನೆಲ್ಲಿ ಸಿಗತ್ತೆ ಹೇಳಿ?"

ಹತ್ತೊಂಬತ್ತು ವರ್ಷದ ಸೇವೆಯಲ್ಲಿ ಲೋಟದಕ್ಕನಿಗೆ ಸಿಕ್ಕಿದ ಅತ್ಯುತ್ತಮ ಪ್ರಶಂಸೆ ಅದು. ಅದಕ್ಕೇ ಅವನನ್ನು ಬೈಯಲೂ ಆಗಲಿಲ್ಲ.

ಅಷ್ಟರಲ್ಲಿ ಪುಟ್ಟಿ ಊಟದ ವೇಳೆಯಲ್ಲಿ ಓಡಿಬಂದಳು. ವಿಷಯ ಕೇಳಿ ಅವಳ ಕಿವಿ ಕೆಂಪಗಾಯಿತು. ಹಲಗೆಯ ಕಾನೂನು ಅವಳಿಗೆ ಚಿಕ್ಕಂದಿನಿಂದ ಗೊತ್ತು. ಲ್ಯಾಬಿನಲ್ಲಿ ಪರೀಕ್ಷೆಯಾಗಿದೆ, ಇನ್ನು ಬರೆಯಲೇಬೇಕು. ಬರೆದರೆ ಊರೆಲ್ಲ ನಗುತ್ತದೆ, ಮ್ಯಾನೇಜರ್ ಒಬ್ಬ ನಗುವುದಿಲ್ಲ. ಲೋಟದಕ್ಕ ಸೀಮೆಸುಣ್ಣ ಕೈಯಲ್ಲಿ ಹಿಡಿದವಳು ಹಿಡಿದಂತೆಯೇ ನಿಂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ತುಂಡು ಅವಳ ಕೈಗೆ ಭಾರವಾಗಿತ್ತು.

"ಬರಿ ಚಿಕ್ಕಮ್ಮ," ಎಂದಳು ಪುಟ್ಟಿ. "ಆದ್ರೆ ಎರಡು ಗಂಟೆ ಟೈಮ್ ಕೊಡು. ನಿಜವಾದದ್ದನ್ನ ನಾನೇ ತುಂಬಿಸಿ ತರ್ತೀನಿ. ಎರಡನ್ನೂ ಒಟ್ಟಿಗೆ ಬರಿ."

"ನಿನ್ನ ಕೆಲಸ?"

"ಗುಣಮಟ್ಟ ನೋಡೋದು ತಾನೇ ನನ್ನ ಕೆಲಸ? ಇವತ್ತಾದ್ರೂ ನೋಡ್ತೀನಿ."

ಅದೇ ಡ್ರೈವರಿನ ಜೀಪಿನಲ್ಲಿ ಚಿಕ್ಕಮ್ಮ, ಮಗಳು ಇಬ್ಬರೂ ಹೋದರು. ಹೊಂಡ ಚಿಕ್ಕ ಆಟದ ಮೈದಾನದಷ್ಟಿತ್ತು. ನೀರು ಗುಲಾಬಿ. ಅಂಗಡಿಯಲ್ಲಿ ಸಿಗುವ ಮಕ್ಕಳ ಶರಬತ್ತಿನ ಹಾಗೆ ಎಷ್ಟು ಮುದ್ದಾಗಿತ್ತೆಂದರೆ ಅದೇ ಹೆದರಿಕೆ ಹುಟ್ಟಿಸುವಂತಿತ್ತು. ಪುಟ್ಟಿ ಕೈಗವಸು ಹಾಕಿ ಇಳಿದಳು. ಮೊಣಕಾಲಿನವರೆಗೂ ಕೆಸರಿನಲ್ಲಿ ಹೂತುಕೊಂಡಳು. ಅವಳನ್ನು ಎಳೆಯಲು ಹೋದ ಡ್ರೈವರಿನ ಹೊಸ ಬೂಟು ಅಲ್ಲೇ ಉಳಿಯಿತು. ಕ್ಯಾನು ಮಾತ್ರ ಸೀಲ್ ಸಮೇತ ಘಟಕಕ್ಕೆ ಬಂತು.

ಈ ಸಲ ಕಡ್ಡಿ ಹಿಡಿದವರು ಮೂವರು. ಹದಿನೈದು ನಿಮಿಷ ಯಾರೂ ಜಗಳ ಆಡಲಿಲ್ಲ, ಗಡಿಯಾರವನ್ನೇ ನೋಡಬೇಕಾಯಿತು. ಕೆಸರು ಹೆಪ್ಪುಗಟ್ಟಿ ತಳಕ್ಕೆ ಕೂತಿತು. ಮೇಲೆ ನಿಂತ ನೀರು ಆರು ಜಾರುಗಳಲ್ಲೂ ಅಷ್ಟೇ ಗುಲಾಬಿಯಾಗಿತ್ತು.

"ಬಣ್ಣ ಹೋಗ್ಲಿಲ್ಲ," ಎಂದಳು ಪುಟ್ಟಿ.

"ಬಣ್ಣ ಹೋಗಿಲ್ಲ ಅಂದ್ರೆ ಜೊತೆಗಿರೋ ಔಷಧಿನೂ ಹೋಗಿರಲಿಕ್ಕಿಲ್ಲ. ಅದನ್ನ ನೋಡೋ ಯಂತ್ರ ನನ್ನ ಹತ್ರ ಇಲ್ಲ. ನನಗೆ ಕಾಣಿಸ್ಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಬರೆಯೋಕಾಗಲ್ಲ. ನೀನು ಹೊರಗೆ ಹೋಗಿ ಕೈಕಾಲು ತೊಳ್ಕೋ. ಹಲಗೆ ಮೇಲೆ ಬರೆಯೋದ್ರಲ್ಲಿ ನಿನ್ನ ಕೈ ಇರೋದು ಬೇಡ."

ಸಂಜೆ ಐದಕ್ಕೆ ಗೇಟಿನ ಹಲಗೆಯ ಮೇಲೆ ಹೀಗಿತ್ತು:

"ಬೀಜ ಕಂಪನಿಯ ಮೊದಲ ಕ್ಯಾನು: ನಮ್ಮದೇ ನಲ್ಲಿ ನೀರು. ಉತ್ತಮ. ಎರಡನೇ ಕ್ಯಾನು, ಹೊಂಡದ್ದು: ಗುಲಾಬಿ. ಆಲಂ ಹಾಕಿದರೂ ಬಣ್ಣ ಹೋಗಲಿಲ್ಲ. ಔಷಧಿಯ ಪರೀಕ್ಷೆಗೆ ದೊಡ್ಡ ಲ್ಯಾಬಿಗೆ ಕಳಿಸಿದೆ. ಹೊಳೆಗೆ ಬಿಡಲು ನಮ್ಮ ಒಪ್ಪಿಗೆ ಇಲ್ಲ."

ಮರುದಿನ ಬೆಳಿಗ್ಗೆ ಏಳಕ್ಕೆ ಗೇಟಿನ ಮುಂದೆ ಹಬ್ಬದಂಥ ಜನ. ಇವತ್ತು ಹಲಗೆಯನ್ನು ಎಲ್ಲರೂ ಓದಿದ್ದರು. ಜನರ ನಡುವೆ ದಾರಿ ಮಾಡಿಕೊಂಡು ಮ್ಯಾನೇಜರ್ ಬಂದ. ಇಸ್ತ್ರಿಗೆ ಪುರುಸೊತ್ತು ಸಿಕ್ಕಂತಿರಲಿಲ್ಲ.

"ಮೇಡಂ, ಫಲಿತಾಂಶ ಕಂಪನಿಯ ಸ್ವತ್ತು ಅಂತ ಹೇಳಿದ್ದೆ."

"ನೀವು ಹೇಳಿದ್ರಿ ಸಾರ್, ನಾನು ಸಹಿ ಹಾಕಿರ್ಲಿಲ್ಲ. ಬೀಜ ನಿಮ್ಮದು, ಒಪ್ಪಿದೆ. ಕ್ಯಾನೂ ನಿಮ್ಮದೇ, ತೊಳೆದು ಇಟ್ಟಿದ್ದೀನಿ, ಎರಡೂ ತಗೊಂಡು ಹೋಗಿ. ಹೊಳೆ ನಿಮ್ಮ ಸ್ವತ್ತಾ?"

"ಕನಿಷ್ಠ ಆ ಗುಲಾಬಿ ಅನ್ನೋ ಪದ ಆದ್ರೂ ತೆಗೀರಿ. ಕೇಳೋಕೆ ಒಂಥರಾ ಇದೆ."

"ಬೇಕಾದ್ರೆ ರೋಸ್ ಅಂತ ಬರೀತೀನಿ."

ಜನ ಗೊಳ್ಳೆಂದರು. ಮ್ಯಾನೇಜರ್ ಬಂದ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. ಅಂಗಿಯ ಕಾಲರು ಸರಿಮಾಡಿಕೊಂಡು, ಯಾರಿಗೂ ಕೇಳದ ಹಾಗೆ, "ಮೇಡಂ, ಈಗ ಮನೆಗೆ ಬರ್ತಿರೋ ನೀರು ಸರಿ ಇದೆ ತಾನೇ? ಮನೇಲಿ ಚಿಕ್ಕ ಮಗು ಇದೆ" ಎಂದು ಕೇಳಿದ.

ಲೋಟದಕ್ಕ ನಲ್ಲಿ ತಿರುಗಿಸಿ ಲೋಟ ತುಂಬಿ ಕುಡಿದಳು. ಇನ್ನೊಂದು ತುಂಬಿ ಅವನಿಗೆ ಕೊಟ್ಟಳು. ಅವನೂ ಕುಡಿದ. ಲೋಟದಕ್ಕ ಕಂಪನಿಗೆ ನೀರು ಕುಡಿಸಿದಳು ಎಂದು ಊರಲ್ಲಿ ಆಡಿಕೊಳ್ಳುತ್ತಿದ್ದದ್ದು ಈ ಅರ್ಥದಲ್ಲಿ ಅಕ್ಷರಶಃ ನಿಜ.

ನಗು ಅಲ್ಲಿಗೆ ಮುಗಿಯಿತು. ಕಂಪನಿ ಪುಟ್ಟಿಯನ್ನು ತೆಗೆಯಲಿಲ್ಲ, ಕಾಯಂ ಕೂಡ ಮಾಡಲಿಲ್ಲ. ಗೋದಾಮಿನಲ್ಲಿ ಖಾಲಿ ಚೀಲ ಎಣಿಸಲು ಕೂರಿಸಿತು. ಬಣ್ಣದ ಪುಸ್ತಕವನ್ನು ಡ್ರೈವರ್ ಬಂದು ಕೇಳಿ ಪಡೆದುಕೊಂಡು ಹೋದ. ಮನೆಯಲ್ಲಿ ಅಕ್ಕ ಮಾತು ಬಿಟ್ಟಳು. ಬಾಯಿ ಮಾತ್ರ ಮುಚ್ಚಿತ್ತು, ಹೊಲಿಗೆ ಯಂತ್ರ ಮಾತಾಡುತ್ತಿತ್ತು. ತಂಗಿ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಅದು ಕಟಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಹದಿನಾಲ್ಕು ದಿನ ಹೀಗೆ ನಡೆಯಿತು. ಆ ದಿನಗಳಲ್ಲಿ ಊರಿನ ಮಕ್ಕಳ ಯೂನಿಫಾರ್ಮುಗಳೆಲ್ಲ ಹೇಳಿದ ತಾರೀಖಿಗೆ ಮೊದಲೇ ತಯಾರಾದವು.

ಹದಿನೈದನೆಯ ದಿನ ದೊಡ್ಡ ಲ್ಯಾಬಿನ ವರದಿ ಬಂತು. ಹೊಂಡದಲ್ಲಿ ಔಷಧಿ ಇತ್ತು, ಸಾಕಷ್ಟು. ಲೋಟದಕ್ಕ ಅದನ್ನು ಹಲಗೆಗೆ ಬರೆದು ಮನೆಗೆ ಬಂದು, ಕೆಳಗಿನ ಅಂಗಡಿಯಲ್ಲೇ ಕೂತು, ವರದಿಯ ಪ್ರತಿಯನ್ನು ಅಕ್ಕನ ಮುಂದೆ ಇಟ್ಟಳು. ಅಕ್ಕ ಅಳತೆ ಟೇಪು ಕೊರಳಲ್ಲಿ ಹಾಕಿಕೊಂಡೇ ಓದಿದಳು, ಎರಡು ಸಲ.

"ಇದನ್ನ ಕುಡಿ ಅಂದಿದ್ನಾ ನಾನು?"

"ಒಂದೇ ಲೋಟ ಅಂದಿದ್ದೆ."

"ಕರ್ಮ. ನನ್ನ ಬಾಯಿಗೆ ಗುಂಡುಸೂಜಿನೇ ಸರಿ." ಕಣ್ಣೊರೆಸಿಕೊಂಡು ಕೂಡಲೇ, ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದಳು. "ಏನೇ, ಅಷ್ಟು ಓದಿದವರಿದ್ದೀರ, ತೊಳೆದ ನೀರನ್ನ ಯಾಕೆ ಹೊಂಡಕ್ಕೆ ಸುರೀತೀರಿ? ಅದರಲ್ಲಿ ಔಷಧಿ ಇನ್ನೂ ಇದೆ ಅಂತ ಇಲ್ಲಿ ಬರೆದಿದೆಯಲ್ಲ. ಇರೋದನ್ನ ಯಾರಾದ್ರೂ ಬಿಸಾಕ್ತಾರಾ?"

"ಅದು ತೊಳೆದ ನೀರಮ್ಮ."

"ನಾನು ತುಂಡು ಬಟ್ಟೆ ಬಿಸಾಕ್ತೀನಾ? ನೀಲಿ ತುಂಡು ಎತ್ತಿಟ್ಟು ಮುಂದಿನ ನೀಲಿ ಅಂಗಿಗೆ ಜೇಬು ಮಾಡ್ತೀನಿ. ಬಿಳೀದು ಬಿಳೀದಕ್ಕೆ. ಕಲಸುಮೇಲೋಗರ ಮಾಡಿದ್ರೆ ತಾನೇ ಕಸ ಆಗೋದು?"

ಪುಟ್ಟಿ ತಾಯಿಯ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ಮೇಜಿನ ಮೇಲಿದ್ದ ಬಟ್ಟೆಯ ಚಾಕ್ ಎತ್ತಿಕೊಂಡು, ಯಾರದೋ ಪ್ಯಾಂಟಿಗೆ ಬಂದಿದ್ದ ಕಪ್ಪು ಬಟ್ಟೆಯ ಮೇಲೆಯೇ ಲೆಕ್ಕ ಹಾಕಲು ಶುರು ಮಾಡಿದಳು. ಶೆಡ್ಡಿನಲ್ಲಿ ಬೆಳೆಗೊಂದು ಔಷಧಿ. ಬೆಳೆ ಬದಲಾದಾಗಲೆಲ್ಲ ಡ್ರಮ್ಮು ತೊಳೆಯುತ್ತಾರೆ. ಎಲ್ಲ ತೊಳೆದ ನೀರೂ ಒಂದೇ ಹೊಂಡಕ್ಕೆ. ಬದಲಿಗೆ ಒಂದೊಂದು ಔಷಧಿಯ ತೊಳೆದ ನೀರನ್ನು ಬೇರೆ ಬೇರೆ ಟ್ಯಾಂಕಿನಲ್ಲಿ ಎತ್ತಿಟ್ಟರೆ? ಮುಂದಿನ ಸಲ ಅದೇ ಔಷಧಿ ಕಲಸುವಾಗ ಹೊಸ ನೀರಿನ ಬದಲು ಅದನ್ನೇ ಹಾಕಿದರೆ? ಹೊರಗೆ ಹೋಗಲು ನೀರೇ ಉಳಿಯುವುದಿಲ್ಲ.

"ಪ್ಯಾಂಟ್ ತಗೊಂಡು ಹೋಗೋಕೆ ನಾಳೆ ಬರ್ತಾರೆ ಕಣೇ ಅವರು!" ಎಂದು ಅಕ್ಕ ಕೂಗಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಪುಟ್ಟಿ ಅದನ್ನು ಹಾಳೆಯ ಮೇಲೆ ಬರೆದು ಮ್ಯಾನೇಜರಿಗೆ ಕೊಟ್ಟಳು. ಮ್ಯಾನೇಜರ್ ಅದರ ಮೇಲೆ ತನ್ನ ಹೆಸರು ಬರೆದು ಮೇಲಿನವರಿಗೆ ಕಳಿಸಿದ. ಔಷಧಿ ಉಳಿಯುತ್ತದೆ ಎಂದು ಕಂಡ ಕೂಡಲೇ ಮೇಲಿನವರು ಒಪ್ಪಿದರು. ಹಳೆಯ ಹೊಂಡವನ್ನು ಟ್ಯಾಂಕರುಗಳಲ್ಲಿ ತುಂಬಿಸಿ ಅಂಥ ವಿಷದ ನೀರನ್ನು ಸಂಸ್ಕರಿಸುವ ದೂರದ ಸ್ಥಾವರಕ್ಕೆ ಸಾಗಿಸಿದರು. ಟ್ಯಾಂಕುಗಳ ಉಸ್ತುವಾರಿಗೆ ಆ ಲೆಕ್ಕ ಅರ್ಥವಾಗುವವರು ಒಬ್ಬರು ಬೇಕಿತ್ತು. ಮ್ಯಾನೇಜರಿಗೆ ಅರ್ಥವಾಗಿರಲಿಲ್ಲ. ಹೀಗಾಗಿ ಪುಟ್ಟಿಗೆ ಕಾಯಂ ಆದೇಶ ಬಂತು.

ಆದೇಶವನ್ನು ಅಕ್ಕ ಜೋರಾಗಿ ಓದಿದಳು. ಕೊನೆಯ ಪುಟದಲ್ಲಿ ಒಂದು ಸಾಲು: ನೌಕರರು ಕೊಡುವ ಎಲ್ಲ ಐಡಿಯಾಗಳೂ ಕಂಪನಿಯ ಸ್ವತ್ತು.

"ಅಂ? ನನ್ನ ಜೇಬೇ ಹೊಡೆದ್ರಲ್ಲೇ!"

"ನೀನು ನೌಕರಳಲ್ವಲ್ಲಮ್ಮ, ನಿನ್ನ ಐಡಿಯಾ ನಿನ್ನದೇ."

"ಹಾಗಾದ್ರೆ ಅದನ್ನ ನಾನು ಯಾರಿಗೆ ಬೇಕಾದ್ರೂ ಹೇಳಬಹುದು ತಾನೇ?"

ಹೇಳಿದಳು. ಅಂಗಡಿಗೆ ಬಂದವರಿಗೆಲ್ಲ, ಅಳತೆ ತೆಗೆಯುತ್ತಾ, ಅವರು ಅಲ್ಲಾಡಲಾಗದ ಹೊತ್ತಿನಲ್ಲಿ ಹೇಳಿದಳು. ಆ ದಂಡೆಯಲ್ಲಿದ್ದ ಇನ್ನೂ ಎರಡು ಸಣ್ಣ ಬೀಜ ಕಂಪನಿಗಳವರು ಪ್ಯಾಂಟ್ ಹೊಲಿಸಲು ಬಂದು ಟ್ಯಾಂಕ್ ಕೂರಿಸಿಕೊಂಡರು.

ಮಳೆಗೆ ನಾಲ್ಕು ದಿನ ಮೊದಲು ಪುಟ್ಟಿ ಅಮ್ಮ, ಚಿಕ್ಕಮ್ಮ ಇಬ್ಬರನ್ನೂ ಶೆಡ್ಡು ನೋಡಲು ಕರೆದುಕೊಂಡು ಹೋದಳು. ಖಾಲಿಯಾಗಿ, ಕೆರೆಸಿ, ಹೊಸ ಮಣ್ಣು ಹಾಕಿಸಿದ ಹೊಂಡದ ತಳದಲ್ಲಿ ಲೋಟದಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಆ ತುದಿಯಿಂದ ಈ ತುದಿಗೆ ನಡೆದಳು. ಕಾಲಿಗೆ ಬರೀ ಒಣ ಮಣ್ಣು ಹತ್ತಿತು. ಮ್ಯಾನೇಜರ್ ದಡದ ಮೇಲೆ ಛತ್ರಿ ಹಿಡಿದು ನಿಂತಿದ್ದ.

"ಮೇಡಂ, ಇನ್ನಾದ್ರೂ ಆ ಪತ್ರ ಕೊಡ್ತೀರಾ? ಅಭ್ಯಂತರ ಇಲ್ಲ ಅಂತ?"

"ಯಾವುದಕ್ಕೆ ಸಾರ್? ಬಿಡೋಕೆ ನೀರೇ ಇಲ್ವಲ್ಲ."

ಮ್ಯಾನೇಜರ್ ಯೋಚಿಸಿದ. "ಅದೂ ಸರಿ," ಎಂದ. ಮತ್ತೆ ಯೋಚಿಸಿ, "ಸಮಾರಂಭಕ್ಕೆ ಪೆಂಡಾಲಿನವನಿಗೆ ಹೇಳಿಬಿಟ್ಟಿದ್ದೀನಲ್ಲ ಮೇಡಂ, ಏನು ಮಾಡ್ಲಿ?" ಎಂದು ಕೇಳಿದ.

"ಮಾಡಿ. ಎಲ್ಲರಿಗೂ ಟೀ ಕೊಡಿ."

ಶೆಡ್ಡಿನ ಒಳಗಿಂದ ಅಕ್ಕನ ಧ್ವನಿ ಕೇಳಿಸುತ್ತಿತ್ತು. ಬಣ್ಣ ಹತ್ತಿದ ಬೀಜವನ್ನು ಕೈಗವಸಿನಲ್ಲಿ ಹಿಡಿದು ಬೆಳಕಿಗೆ ತಿರುಗಿಸುತ್ತಾ, ಡ್ರಮ್ಮು ನಡೆಸುವವನಿಗೆ ಪಾಠ ಹೇಳುತ್ತಿದ್ದಳು. "ಇಲ್ಲಿ ನೋಡಪ್ಪಾ, ಹೆಗಲ ಹತ್ರ ಸರಿಯಾಗಿ ಕೂತಿಲ್ಲ. ಒಂದು ಸುತ್ತು ನಿಧಾನ ತಿರುಗಿಸು. ಅವಸರದಲ್ಲಿ ಹಾಕಿದ್ದು ಒಂದೇ ಒಗೆತಕ್ಕೆ ಬಿಚ್ಚಿಕೊಳ್ಳತ್ತೆ."

ಅವನು ನಿಧಾನ ಮಾಡಿದ. ಪುಟ್ಟಿ ಟ್ಯಾಂಕಿನ ಮೇಲಿನ ಗೆರೆ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಹೊಂಡದಿಂದ ಮೇಲೆ ಹತ್ತಿ ಬಂದ ಲೋಟದಕ್ಕ ಬಾಗಿಲಲ್ಲಿ ನಿಂತು, ಅಕ್ಕ ಇನ್ನು ಯಾವುದಕ್ಕೆ ಕೈ ಹಾಕುತ್ತಾಳೋ ಎಂದು ನಗುತ್ತಾ ನೋಡುತ್ತಿದ್ದಳು.